ಶಾಸನ ದತ್ತಾಂಶಗಳ ದೋಷಪರಿಶೋಧನೆ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪ್ರದೇಶದ ನಿದರ್ಶನಗಳು

೧

ಇತಿಹಾಸಕ್ಕೆ ಶಾಸನವು ಪ್ರತ್ಯಕ್ಷ ಪ್ರಮಾಣವೆಂದು ನಾವು ತರಗತಿಗಳಲ್ಲಿ ಬೋಧಿಸುತ್ತೇವೆ. ಆದರೆ ಶಾಸನವು ಕಲ್ಲಿನಿಂದ ನಮ್ಮ ಕೈಗೆ ಬರುವ ದಾರಿ ದೀರ್ಘವಾದುದು. ಕಲ್ಲಿನ ಮೇಲಣ ಬರಹವನ್ನು ಮೊದಲು ಕಾಗದದ ಮೇಲೆ ಪಡಿಯಚ್ಚಾಗಿ ತೆಗೆಯುತ್ತಾರೆ; ಪಡಿಯಚ್ಚನ್ನು ಲಿಪಿತಜ್ಞರು ಓದುತ್ತಾರೆ; ಓದಿದ ಪಾಠವು ಅಚ್ಚಾಗುತ್ತದೆ; ಅಚ್ಚಾದುದನ್ನು ಈಗ ಸಂಶೋಧನಾ ವಿದ್ಯಾರ್ಥಿಯು ಗಣಕಯಂತ್ರದ ಕಡತಕ್ಕೆ ಇಳಿಸುತ್ತಾನೆ. ಒಂದೊಂದು ಹೆಜ್ಜೆಯಲ್ಲಿಯೂ ಪ್ರಮಾದಕ್ಕೆ ಅವಕಾಶವಿದೆ. ಕೊನೆಯ ಹೆಜ್ಜೆಯಲ್ಲಿ ಉಂಟಾಗುವ ದೋಷಗಳನ್ನು ಹೇಗೆ ಕಂಡುಹಿಡಿಯಬೇಕು, ಕಂಡುಹಿಡಿದ ಮೇಲೆ ಏನು ಮಾಡಬೇಕು ಎಂಬ ಎರಡು ಪ್ರಶ್ನೆಗಳೇ ಪ್ರಸ್ತುತ ಪ್ರಬಂಧದ ವಿಷಯ. ಇವುಗಳಲ್ಲಿ ಎರಡನೆಯದೇ ಹೆಚ್ಚು ಮುಖ್ಯವಾದುದೆಂಬುದು ಈ ಲೇಖಕನ ಅಭಿಪ್ರಾಯ.

ದೋಷವು ಚಿಕ್ಕದಾದರೂ ಫಲವು ಚಿಕ್ಕದಲ್ಲ. ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ, ಫಲ್ಗುಣೀ ನದಿಯ ದಡದಲ್ಲಿ, ಅಜಿಲ ವಂಶದ ತಿಮ್ಮರಾಜನು ಪ್ರತಿಷ್ಠಿಸಿದ ಸುಮಾರು ೩೫ ಅಡಿ ಎತ್ತರದ ಬಾಹುಬಲಿ ಮೂರ್ತಿ ಸರ್ವವಿದಿತವಾದುದು. ಅದರ ಶಾಸನದ ಕಾಲ ಶಕವರ್ಷ ೧೫೨೫ ಸಂದ ಬಳಿಕ, ಶೋಭಕೃತ್ ಸಂವತ್ಸರದ ಫಾಲ್ಗುಣ ಮಾಸ, ಗುರುವಾರ, ಅಂದರೆ ಕ್ರಿ.ಶ. ೧೬೦೪ನೆಯ ಮಾರ್ಚ್ ೧. ಈ ೧೫೨೫ ಎಂಬ ಸಂಖ್ಯೆಯನ್ನು ಕಡತಕ್ಕೆ ಇಳಿಸುವಾಗ ಕೊನೆಯ ಎರಡು ಅಂಕೆಗಳು ಸ್ಥಾನಪಲ್ಲಟವಾಗಿ ೧೫೫೨ ಎಂದಾಯಿತೆಂದು ಭಾವಿಸೋಣ. ಆಗ ಮೂರ್ತಿಸ್ಥಾಪನೆಯು ೨೭ ವರ್ಷ ಮುಂದೆ ಸರಿದು ೧೬೩೧ಕ್ಕೆ ಬರುತ್ತದೆ. ಕೆಳದಿಯ ವೆಂಕಟಪ್ಪನಾಯಕನು ತೀರಿಕೊಂಡುದು ೧೬೨೯ರಲ್ಲಿ. ಆದುದರಿಂದ ತಿಮ್ಮರಾಜನು ವೆಂಕಟಪ್ಪನಾಯಕನ ಸಮಕಾಲೀನನಾಗಿ ಈ ಕಾರ್ಯವನ್ನು ನಡೆಸಿದನೆಂಬ ನಿಜಸ್ಥಿತಿಗೆ ಬದಲಾಗಿ, ಮೊಮ್ಮಗನಾದ ವೀರಭದ್ರನಾಯಕನ ಆಳ್ವಿಕೆಯಲ್ಲಿ ನಡೆಸಿದನೆಂಬ ತೀರ್ಮಾನ ಹುಟ್ಟುತ್ತದೆ. ಎರಡು ಅಂಕೆಗಳ ಪಲ್ಲಟದಿಂದ ತುಳುನಾಡಿನ ಜೈನ ಅರಸುಮನೆತನಕ್ಕೂ ಕೆಳದಿಗೂ ಇದ್ದ ಸಂಬಂಧದ ಚರಿತ್ರೆಯೇ ಬೇರೆಯಾಗುತ್ತದೆ. ಇಂತಹ ನೂರಾರು ನಮೂದುಗಳನ್ನು ಕೂಡಿಸಿ ನಕ್ಷೆ ಬರೆಯುವವನು ಒಂದೊಂದನ್ನೂ ತಡೆದು ಪ್ರಶ್ನಿಸುವುದಿಲ್ಲ. ನಕ್ಷೆಯೂ ತನ್ನೊಳಗಣ ತಪ್ಪನ್ನು ತೋರಿಸಿಕೊಡುವುದಿಲ್ಲ.

ಈ ಪ್ರದೇಶಕ್ಕೆ ಇನ್ನೂ ಒಂದು ತೊಡಕಿದೆ. ದಕ್ಷಿಣ ಕನ್ನಡವು ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದುದರಿಂದ, ಬಿ. ಎಲ್. ರೈಸರು ಮೈಸೂರು ಸೀಮೆಗೆ ಸಿದ್ಧಪಡಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಇಲ್ಲಿಯ ಶಾಸನಗಳಿಗೆ ಸ್ಥಾನ ದೊರೆಯಲಿಲ್ಲ. ಅವು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ ಏಳನೆಯ ಸಂಪುಟದಲ್ಲಿಯೂ, ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಿಯೂ, ವಾರ್ಷಿಕ ವರದಿಗಳಲ್ಲಿಯೂ ಚದುರಿಹೋಗಿವೆ. ಮುಂದೆ ಕೆ. ವಿ. ರಮೇಶರು (೧೯೭೦) ಮತ್ತು ಪಿ. ಗುರುರಾಜ ಭಟ್ಟರು (೧೯೭೫) ತಮ್ಮ ಬೃಹದ್ಗ್ರಂಥಗಳಲ್ಲಿ ಇವನ್ನು ಬಳಸಿಕೊಂಡರು. ಹೀಗಾಗಿ ಒಂದೇ ಶಾಸನವು ಬೇರೆ ಬೇರೆ ಗ್ರಂಥಗಳಿಂದ, ಬೇರೆ ಬೇರೆ ಕಾಗುಣಿತದಲ್ಲಿ, ಎರಡು ಮೂರು ಸಲ ಕಡತವನ್ನು ಹೊಗುವುದು ಸಹಜ.

೨

ಪರಿಶೋಧನೆಗೆ ಬೇಕಾದ ಸಲಕರಣೆ ದುಬಾರಿಯದಲ್ಲ. ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಯುನಿಕ್ಸ್ ವ್ಯವಸ್ಥೆಯಲ್ಲಿ ಚಿಕ್ಕ ಚಿಕ್ಕ ಕಾರ್ಯಕ್ರಮಗಳ ಒಂದು ಕುಟುಂಬವೇ ಬೆಳೆದು ಬಂದಿತು. ‘ಗ್ರೆಪ್’ ಎಂಬುದು ಹೇಳಿದ ಅಕ್ಷರಸರಣಿ ಯಾವ ಸಾಲುಗಳಲ್ಲಿದೆಯೆಂದು ಹುಡುಕಿಕೊಡುತ್ತದೆ. ‘ಸಾರ್ಟ್’ ಸಾಲುಗಳನ್ನು ಅಕಾರಾದಿಯಾಗಿ ಜೋಡಿಸುತ್ತದೆ; ‘ಯೂನಿಕ್’ ಪುನರಾವೃತ್ತಿಗಳನ್ನು ಎಣಿಸುತ್ತದೆ. ‘ಡಿಫ್’ ಎರಡು ಕಡತಗಳ ವ್ಯತ್ಯಾಸವನ್ನು ಸಾಲುಸಾಲಾಗಿ ಮುಂದಿಡುತ್ತದೆ. ೧೯೭೭ರಲ್ಲಿ ರಚಿತವಾಗಿ, ಮೂವರು ಕರ್ತೃಗಳ ಹೆಸರಿನ ಮೊದಲಕ್ಷರಗಳನ್ನೇ ಹೆಸರಾಗಿ ಪಡೆದ ‘ಆಕ್’ ಎಂಬುದು ಕಡತದ ಒಂದೊಂದು ಅಂಕಣವನ್ನೂ ನಾವು ಕೊಟ್ಟ ನಿಯಮಕ್ಕೆ ಒಡ್ಡಿ, ನಿಯಮ ತಪ್ಪಿದ ಸಾಲುಗಳನ್ನು ಹೊರಗೆ ತೆಗೆಯುತ್ತದೆ. ಇವನ್ನು ನಡೆಸುವುದು ಚಿತ್ರಗಳನ್ನು ಒತ್ತಿಯಲ್ಲ, ಆದೇಶವನ್ನು ಅಕ್ಷರಗಳಲ್ಲಿ ಬರೆದು. ಆದುದರಿಂದಲೇ ಇವಕ್ಕೆ ಕಮಾಂಡ್ ಲೈನ್ ಸಾಧನಗಳೆಂದು ಹೆಸರು. ಇಂದಿನ ಲಿನಕ್ಸ್ ಗಣಕಗಳಲ್ಲಿ ಇವೆಲ್ಲ ಉಚಿತವಾಗಿ ದೊರೆಯುತ್ತವೆ.

ಇತಿಹಾಸಕಾರನಿಗೆ ಈ ಕ್ರಮದಲ್ಲಿ ಎರಡು ಅನುಕೂಲಗಳಿವೆ. ಒಂದು, ಬರೆದ ಆದೇಶ ಉಳಿಯುತ್ತದೆ. ಯಾವ ನಿಯಮದಿಂದ ಯಾವ ದೋಷವನ್ನು ಹಿಡಿದೆವೆಂಬುದನ್ನು ಇನ್ನೊಬ್ಬರು ಪುನಃ ಪರೀಕ್ಷಿಸಬಹುದು. ಎರಡು, ಈ ಸಾಧನಗಳು ಸಾಮಾನ್ಯವಾಗಿ ಮೂಲ ಕಡತವನ್ನು ಮುಟ್ಟದೆ ತಮ್ಮ ವರದಿಯನ್ನು ಬೇರೆಯಾಗಿ ಕೊಡುತ್ತವೆ. ಎರಡನೆಯ ಗುಣದ ಮಹತ್ತ್ವವು ಪ್ರಬಂಧದ ಕೊನೆಯಲ್ಲಿ ಸ್ಪಷ್ಟವಾಗುವುದು.

೩

ಮಧ್ಯಯುಗದ ಶಾಸನವು ತನ್ನ ಕಾಲವನ್ನು ಒಮ್ಮೆ ಮಾತ್ರ ಹೇಳಿ ಸುಮ್ಮನಾಗುವುದಿಲ್ಲ. ಶಕವರ್ಷ, ಸಂವತ್ಸರದ ಹೆಸರು, ಮಾಸ, ಪಕ್ಷ, ತಿಥಿ, ವಾರ, ಕೆಲವೊಮ್ಮೆ ನಕ್ಷತ್ರ ಲಗ್ನಗಳನ್ನೂ ಹೇಳುತ್ತದೆ. ಒಂದೇ ಕಾಲವನ್ನು ಹಲವು ಬಗೆಯಾಗಿ ಹೇಳಿದ ಈ ಕ್ರಮದಲ್ಲಿ ದೋಷಪರಿಶೋಧನೆಯ ಬೀಜವಿದೆ. ಒಂದು ಹೇಳಿಕೆ ಕೆಟ್ಟರೆ ಉಳಿದವು ಅದನ್ನು ಹಿಡಿದುಕೊಡುತ್ತವೆ.

ದಕ್ಷಿಣದ ಸಂವತ್ಸರಚಕ್ರಕ್ಕೆ ಸುಲಭವಾದ ಸೂತ್ರವೊಂದಿದೆ. ಸಂದ ಶಕವರ್ಷಕ್ಕೆ ೧೨ನ್ನು ಕೂಡಿ ೬೦ರಿಂದ ಭಾಗಿಸಿದರೆ ಉಳಿಯುವ ಶೇಷವೇ ಪ್ರಭವಾದಿ ಸಂವತ್ಸರದ ಸಂಖ್ಯೆ. ಶೇಷವು ಸೊನ್ನೆಯಾದರೆ ಅರುವತ್ತನೆಯದಾದ ಕ್ಷಯ. ವೇಣೂರಿನ ೧೫೨೫ಕ್ಕೆ ೧೨ನ್ನು ಕೂಡಿದರೆ ೧೫೩೭, ಶೇಷ ೩೭, ಮೂವತ್ತೇಳನೆಯದು ಶೋಭಕೃತ್. ಶಾಸನವು ಹೇಳುವುದೂ ಅದನ್ನೇ. ನೆರೆಯ ಕಾರ್ಕಳದ ಬಾಹುಬಲಿಯನ್ನು ವೀರಪಾಂಡ್ಯನು ಸ್ಥಾಪಿಸಿದುದು ಶಕ ೧೩೫೩ರಲ್ಲಿ. ೧೨ನ್ನು ಕೂಡಿದರೆ ೧೩೬೫, ಶೇಷ ೪೫, ವಿರೋಧಿಕೃತ್. ಇದೂ ಶಾಸನದೊಡನೆ ಹೊಂದುತ್ತದೆ. ಮೇಲೆ ಕಲ್ಪಿಸಿದ ೧೫೫೨ ಎಂಬ ತಪ್ಪು ಸಂಖ್ಯೆಗೆ ಶೇಷ ೪, ಅಂದರೆ ಪ್ರಮೋದೂತ. ಪಕ್ಕದ ಅಂಕಣದಲ್ಲಿ ಶೋಭಕೃತ್ ಎಂದಿರುವುದರಿಂದ ‘ಆಕ್’ ಆ ಸಾಲನ್ನು ತಪ್ಪದೆ ಎತ್ತಿ ತೋರಿಸುತ್ತದೆ. ಕೊನೆಯ ಎರಡು ಅಂಕೆಗಳು ಪಲ್ಲಟವಾದಾಗ ಬರುವ ಅಂತರ ಯಾವಾಗಲೂ ೯ರ ಗುಣಕವಾಗಿ, ೮೧ನ್ನು ಮೀರದೆ ಇರುವುದರಿಂದ ಅದು ೬೦ ಆಗುವ ಸಂಭವವೇ ಇಲ್ಲ. ಆದುದರಿಂದ ಆ ಬಗೆಯ ದೋಷ ಈ ಸೂತ್ರಕ್ಕೆ ಎಂದೂ ತಪ್ಪಿಸಿಕೊಳ್ಳದು.

ಆದರೆ ಸೂತ್ರಕ್ಕೆ ಮಿತಿಗಳಿವೆ. ಅವುಗಳನ್ನು ತಿಳಿಯದೆ ಬಳಸುವುದು ಅಪಾಯಕರ. ಕಾರ್ಕಳದ ೧೩೫೩ರಲ್ಲಿ ನಡುವಣ ಎರಡು ಅಂಕೆಗಳು ಪಲ್ಲಟವಾಗಿ ೧೫೩೩ ಎಂದಾದರೆ ಅಂತರವು ೧೮೦, ಅಂದರೆ ಸರಿಯಾಗಿ ಮೂರು ಸಂವತ್ಸರಚಕ್ರಗಳು. ೧೫೩೩ ಕೂಡ ವಿರೋಧಿಕೃತ್ ಸಂವತ್ಸರವೇ. ಯಂತ್ರವು ಅದನ್ನು ನಿರ್ದೋಷವೆಂದು ಬಿಟ್ಟುಬಿಡುತ್ತದೆ. ಅಲ್ಲಿ ಲಿಪಿ, ಅರಸನ ಹೆಸರು, ಗುರುಪರಂಪರೆಗಳನ್ನು ಬಲ್ಲವನೇ ಅದನ್ನು ಹಿಡಿಯಬೇಕು. ಇನ್ನು ಸಂದ ವರ್ಷವನ್ನು ಬಿಟ್ಟು ನಡೆಯುತ್ತಿರುವ ವರ್ಷವನ್ನು ಹೇಳಿದ ಶಾಸನಗಳಲ್ಲಿ ಶೇಷವು ಒಂದರಷ್ಟು ಹೆಚ್ಚುತ್ತದೆ. ಅದು ದೋಷವಲ್ಲ, ಎಣಿಕೆಯ ಸಂಪ್ರದಾಯಭೇದ. ಆದಕಾರಣ ನಿಯಮವನ್ನು ಬರೆಯುವಾಗ ಹೊಂದುವವು, ಒಂದರಷ್ಟು ಭಿನ್ನವಾದವು, ಅದಕ್ಕಿಂತ ಹೆಚ್ಚು ಭಿನ್ನವಾದವು ಎಂದು ಮೂರು ವರ್ಗಗಳನ್ನು ಮಾಡಬೇಕು. ಹತ್ತನೆಯ ಶತಮಾನಕ್ಕೆ ಹಿಂದಿನ ಶಾಸನಗಳಿಗೆ ಈ ಸೂತ್ರವನ್ನು ನೇರವಾಗಿ ಹೊಂದಿಸಲೂಬಾರದು.

ಕ್ರಿಸ್ತಶಕದ ಅಂಕಣದಲ್ಲಿ ಪದೇಪದೇ ಬರುವ ದೋಷ ಇನ್ನೊಂದು. ಶಕವರ್ಷಕ್ಕೆ ೭೮ನ್ನು ಕೂಡಿಸಿದರೆ ಕ್ರಿಸ್ತಶಕವೆಂದು ವಿದ್ಯಾರ್ಥಿಗಳು ಕಲಿತಿರುತ್ತಾರೆ. ಆ ಲೆಕ್ಕದಂತೆ ವೇಣೂರಿನದು ೧೬೦೩, ಕಾರ್ಕಳದ್ದು ೧೪೩೧. ಆದರೆ ಎರಡೂ ಫಾಲ್ಗುಣ ಮಾಸದವು. ಅಷ್ಟರಲ್ಲಿ ಜನವರಿ ದಾಟಿರುವುದರಿಂದ ೭೯ನ್ನು ಕೂಡಿಸಿ ೧೬೦೪ ಮತ್ತು ೧೪೩೨ ಎಂದು ಹಿಡಿಯಬೇಕು. ಮಾಸದ ಅಂಕಣ ಫಾಲ್ಗುಣವೆಂದಿದ್ದು ಅಂತರ ೭೮ ಆಗಿರುವ ಸಾಲುಗಳನ್ನೆಲ್ಲ ಒಂದೇ ಆದೇಶದಿಂದ ಹೊರತೆಗೆದು ಪರಿಶೀಲಿಸಬಹುದು.

ವಾರದ ಪರೀಕ್ಷೆ ಇನ್ನೂ ಸೂಕ್ಷ್ಮವಾದುದು. ಈ ಕಾರ್ಯಕ್ಕಾಗಿ ರಾಬರ್ಟ್ ಸೂಯೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರು ೧೮೯೬ರಲ್ಲಿ ಕೋಷ್ಟಕಗಳನ್ನು ಪ್ರಕಟಿಸಿದರು, ಎಲ್. ಡಿ. ಸ್ವಾಮಿಕಣ್ಣು ಪಿಳ್ಳೆಯವರ ಬೃಹತ್ ಪಂಚಾಂಗವು ೧೯೨೨ರಲ್ಲಿ ಹೊರಬಂದಿತು. ಆ ಮಹನೀಯರು ಕೈಯಿಂದ ಮಾಡಿದ ಶ್ರಮವನ್ನು ಈಗ ಯಂತ್ರವು ಕ್ಷಣದಲ್ಲಿ ಮಾಡುತ್ತದೆ. ಆದರೆ ಅವರಿಗಿದ್ದ ಎಚ್ಚರ ಅದಕ್ಕಿಲ್ಲ. ವೇಣೂರಿನ ಶಾಸನವು ಗುರುವಾರವೆನ್ನುತ್ತದೆ. ೧೬೦೪ನೆಯ ಮಾರ್ಚ್ ೧ ಯಾವ ವಾರವೆಂದು ಕಮಾಂಡ್ ಲೈನಿನಲ್ಲಿ ‘ಡೇಟ್’ ಎಂಬ ಸಾಧನವನ್ನು ಕೇಳಿದರೆ ಸೋಮವಾರವೆಂಬ ಉತ್ತರ ಬರುತ್ತದೆ. ಪಕ್ಕದಲ್ಲಿಯೇ ಇರುವ ‘ಕ್ಯಾಲ್’ ಎಂಬುದನ್ನು ಕೇಳಿದರೆ ಗುರುವಾರವೆನ್ನುತ್ತದೆ. ಎರಡೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿಯೇ. ಭಾರತೀಯ ಶಾಸನಗಳ ಕಾಲವನ್ನು ಹಳೆಯ ಜೂಲಿಯನ್ ಪಂಚಾಂಗದಂತೆ ಕೊಡುವುದು ಶಾಸನತಜ್ಞರ ರೂಢಿ. ‘ಕ್ಯಾಲ್’ ಸಾಧನವು ಇಂಗ್ಲೆಂಡಿನ ಕ್ರಮವನ್ನು ಅನುಸರಿಸಿ ೧೭೫೨ಕ್ಕೆ ಹಿಂದಿನದೆಲ್ಲವನ್ನೂ ಜೂಲಿಯನ್ ರೀತಿಯಲ್ಲಿ ಗಣಿಸುತ್ತದೆ. ‘ಡೇಟ್’ ಸಾಧನವಾದರೋ ೧೫೮೨ರಲ್ಲಿ ಜಾರಿಗೆ ಬಂದ ಗ್ರೆಗೋರಿಯನ್ ಕ್ರಮವನ್ನು ಹಿಂದಿನ ಎಲ್ಲ ಕಾಲಕ್ಕೂ ಹಬ್ಬಿಸುತ್ತದೆ. ಅದರ ಪ್ರಕಾರ ಆ ಪ್ರತಿಷ್ಠಾದಿನವು ಮಾರ್ಚ್ ೧೧. ಇದನ್ನರಿಯದವನು ಯಂತ್ರದ ಮಾತನ್ನು ನಂಬಿ, ಶಾಸನದ ವಾರವೇ ತಪ್ಪೆಂದು ಅಡಿಟಿಪ್ಪಣಿ ಬರೆದಾನು. ವಸ್ತುತಃ ತಪ್ಪಿದುದು ಅಳೆಯುವ ಕೋಲು, ಕಲ್ಲಲ್ಲ.

೪

ಹೆಸರುಗಳ ದೋಷಗಳು ಬೇರೆ ಜಾತಿಯವು. ಇವುಗಳಲ್ಲಿ ಕೆಲವು ಕಣ್ಣಿಗೆ ಕಾಣುವುದೇ ಇಲ್ಲ. ‘ಬಂಟ್ವಾಳ’, ‘ಬೆಳ್ತಂಗಡಿ’ ಎಂಬ ಎರಡು ಹೆಸರುಗಳಲ್ಲಿಯೂ ಅನುಸ್ವಾರವಿದೆ. ಕನ್ನಡದ ಅನುಸ್ವಾರವೂ ಕನ್ನಡದ ಅಂಕೆಯಾದ ಸೊನ್ನೆಯೂ ನೋಟಕ್ಕೆ ಒಂದೇ ತೆರನಾದ ವೃತ್ತಗಳು. ಬೆರಳಚ್ಚು ಮಾಡುವವರು ಅನೇಕ ವೇಳೆ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಡುತ್ತಾರೆ. ಓದುವವನಿಗೆ ಭೇದ ತಿಳಿಯದು. ಯಂತ್ರಕ್ಕಾದರೋ ‘ಬಂಟ್ವಾಳ’ ಮತ್ತು ‘ಬ೦ಟ್ವಾಳ’ ಎರಡು ಬೇರೆ ಬೇರೆ ಊರುಗಳು. ‘ವೇಣೂರು’ ಎಂಬಲ್ಲಿಯ ‘ವೇ’ ಅಕ್ಷರವನ್ನೂ ಯುನಿಕೋಡ್ ಪದ್ಧತಿಯಲ್ಲಿ ಎರಡು ಬಗೆಯಾಗಿ ಬರೆಯಲು ಸಾಧ್ಯ: ಏತ್ವದ ಒಂದೇ ಚಿಹ್ನೆಯಿಂದ, ಇಲ್ಲವೆ ಎತ್ವಕ್ಕೆ ದೀರ್ಘಚಿಹ್ನೆಯನ್ನು ಸೇರಿಸಿ. ಊರಿನ ಅಂಕಣವನ್ನು ‘ಸಾರ್ಟ್’ ಮಾಡಿ ‘ಯೂನಿಕ್’ನಿಂದ ಎಣಿಸಿದರೆ, ನೋಡಲು ಒಂದೇ ಆಗಿರುವ ಹೆಸರು ಎರಡು ಸಾಲುಗಳಲ್ಲಿ ಬಂದು ಈ ದೋಷಗಳು ತಾವಾಗಿಯೇ ಬಯಲಾಗುತ್ತವೆ. ಇವು ಶುದ್ಧವಾಗಿ ಬೆರಳಚ್ಚಿನ ದೋಷಗಳು, ಶಾಸನಕ್ಕೂ ಇವಕ್ಕೂ ಸಂಬಂಧವಿಲ್ಲ, ತಿದ್ದುವುದರಲ್ಲಿ ಆಕ್ಷೇಪವಿಲ್ಲ.

ಆದರೆ ಎಲ್ಲ ರೂಪಭೇದಗಳೂ ಈ ಬಗೆಯವಲ್ಲ. ಮೂಡುಬಿದಿರೆ, ಮೂಡಬಿದ್ರಿ, ಬಿದಿರೆ ಎಂಬ ರೂಪಗಳು ಒಂದೇ ಊರಿಗೆ ಸಲ್ಲುವವು. ಬಿದಿರಿಗೆ ಸಂಸ್ಕೃತದಲ್ಲಿ ವೇಣುವೆಂಬ ಹೆಸರಿರುವುದರಿಂದ ‘ವೇಣುಪುರ’ವೂ ಆ ಊರೇ. ಇತ್ತ ವೇಣೂರಿಗೆ ‘ಏನೂರು’ ಎಂಬ ಹಳೆಯ ರೂಪವಿದೆ. ಅಕ್ಷರಗಳ ಸಾಮೀಪ್ಯವನ್ನು ನೋಡಿ ಹೆಸರುಗಳನ್ನು ಒಗ್ಗೂಡಿಸುವ ಸಾಧನವೊಂದಕ್ಕೆ ಈ ಅಂಕಣವನ್ನು ಒಪ್ಪಿಸಿದರೆ, ಅದು ‘ವೇಣುಪುರ’ವನ್ನು ‘ವೇಣೂರಿ’ಗೆ ಸೇರಿಸುವುದು ನಿಶ್ಚಯ. ಆಗ ಚೌಟರ ರಾಜಧಾನಿಯಾಗಿದ್ದ ಮೂಡುಬಿದಿರೆಯ ದತ್ತಿಗಳು ಅಜಿಲರ ಲೆಕ್ಕಕ್ಕೆ ಜಮೆಯಾಗುತ್ತವೆ. ಹಾಗೆಯೇ ಬಂಗರ ಚರಿತ್ರೆಯಲ್ಲಿ ಬೆಳ್ತಂಗಡಿಯ ಬಂಗಾಡಿಯೂ, ಬಂಟ್ವಾಳದ ಬಳಿ ನೇತ್ರಾವತಿಯ ದಡದಲ್ಲಿರುವ ನಂದಾವರವೂ ಎರಡೂ ಮುಖ್ಯಸ್ಥಾನಗಳು. ಒಂದೇ ವಂಶಕ್ಕೆ ಎರಡು ಸ್ಥಾನಗಳು ಬಂದವೆಂದು ಯಂತ್ರವು ದೂರಿದರೆ ಅದನ್ನು ದೋಷವೆಂದು ತಿದ್ದಬಾರದು. ಈ ಅರಸುಮನೆತನಗಳಲ್ಲಿ ಪಟ್ಟದ ಹೆಸರುಗಳೂ ಮರಳಿ ಮರಳಿ ಬರುತ್ತವೆ. ಹೆಸರು ಒಂದೆಂದ ಮಾತ್ರಕ್ಕೆ ವ್ಯಕ್ತಿಯೂ ಒಬ್ಬನೆನ್ನಲಾಗದು.

೫

ಎಲ್ಲಕ್ಕಿಂತ ವಿಚಾರಾರ್ಹವಾದುದು ಬರಿದಾದ ಅಂಕಣದ ಪ್ರಶ್ನೆ. ಅರಸರ ವಂಶಾವಳಿಗೆ ಕಡತವನ್ನು ರಚಿಸುವವರು ಸಾಮಾನ್ಯವಾಗಿ ಅರಸನ ಹೆಸರು, ತಂದೆಯ ಹೆಸರು, ಕಾಲ ಎಂಬ ಅಂಕಣಗಳನ್ನು ಇಡುತ್ತಾರೆ. ಯಾವ ಅಂಕಣವೂ ಬರಿದಾಗಿರಕೂಡದೆಂದು ನಿಯಮ ವಿಧಿಸುತ್ತಾರೆ. ವಿಜಯನಗರದ ಅಥವಾ ಕೆಳದಿಯ ಅರಸರಿಗೆ ಇದು ಬಹುಮಟ್ಟಿಗೆ ಸಲ್ಲುತ್ತದೆ. ಅದೇ ನಿಯಮವನ್ನು ಅಜಿಲ, ಚೌಟ, ಬಂಗರ ಶಾಸನಗಳಿಗೆ ಹೊಂದಿಸಿದರೆ ಸಾಲುಸಾಲಿಗೂ ದೋಷವೆಂಬ ವರದಿ ಬರುತ್ತದೆ. ಏಕೆಂದರೆ ಇವು ಅಳಿಯಸಂತಾನದ ಮನೆತನಗಳು. ಇಲ್ಲಿ ಪಟ್ಟವು ತಾಯಿಯ ಬಳಿಯಲ್ಲಿ, ಸೋದರಮಾವನಿಂದ ಅಳಿಯನಿಗೆ ಇಳಿಯುತ್ತದೆ. ಶಾಸನಗಳು ಅರಸನನ್ನು ತಾಯಿಯ, ಮಾವನ, ಅಣ್ಣನ ಸಂಬಂಧದಿಂದ ಗುರುತಿಸುತ್ತವೆ. ತಂದೆಯ ಅಂಕಣ ಬರಿದಾಗಿರುವುದು ವಿದ್ಯಾರ್ಥಿಯ ಅಲಕ್ಷ್ಯದಿಂದಲ್ಲ, ಶಿಲೆಯ ಸವಕಳಿಯಿಂದಲೂ ಅಲ್ಲ. ಸಮಾಜದ ಕಟ್ಟಳೆಯೇ ಹಾಗಿದ್ದುದರಿಂದ. ಇಲ್ಲಿ ತಿದ್ದಬೇಕಾದುದು ದತ್ತಾಂಶವನ್ನಲ್ಲ, ನಿಯಮವನ್ನು. ಬರಿದಾದ ಅಂಕಣವನ್ನು ತುಂಬಬೇಕೆಂಬ ಆತುರದಲ್ಲಿ ಮಾವನ ಹೆಸರನ್ನು ತಂದೆಯ ಸ್ಥಾನದಲ್ಲಿ ಬರೆದರೆ, ಯಂತ್ರಕ್ಕೆ ಸಮಾಧಾನವಾದೀತು. ತುಳುನಾಡಿನ ಚರಿತ್ರೆಯ ಒಂದು ಮೂಲಭೂತ ಲಕ್ಷಣ ಕಡತದಿಂದ ಅಳಿಸಿಹೋದೀತು.

೬

ಇದುವರೆಗಿನ ವಿವೇಚನೆಯಿಂದ ಒಂದು ಅಂಶ ಸ್ಪಷ್ಟವಾಗುತ್ತದೆ. ಯಂತ್ರವು ಹೇಳುವುದು ‘ಇಲ್ಲಿ ಎರಡು ಮಾತುಗಳು ಹೊಂದುತ್ತಿಲ್ಲ’ ಎಂಬಷ್ಟನ್ನೇ. ಹೊಂದದಿರುವುದಕ್ಕೆ ಕಾರಣ ಕಂಡರಿಸಿದವನದೋ, ಓದಿದವನದೋ, ಅಚ್ಚಿನವನದೋ, ಬೆರಳಚ್ಚಿನವನದೋ, ನಿಯಮ ಬರೆದವನದೋ ಎಂಬುದನ್ನು ಅದು ಹೇಳಲಾರದು. ಕಲ್ಲಿನಲ್ಲಿಯೇ ಇರುವ ತಪ್ಪು ಚರಿತ್ರೆಯ ಸಾಮಗ್ರಿ. ಅದನ್ನು ತಿದ್ದುವ ಅಧಿಕಾರ ನಮಗಿಲ್ಲ. ಬೆರಳಚ್ಚಿನ ತಪ್ಪು ಚರಿತ್ರೆಗೆ ಅಂಟಿದ ಧೂಳು, ಅದನ್ನು ಒರೆಸಬೇಕು. ಈ ಎರಡನ್ನು ಬೇರ್ಪಡಿಸುವುದಕ್ಕೆ ಮೂಲವನ್ನು ನೋಡುವುದರ ಹೊರತು ಅನ್ಯಮಾರ್ಗವಿಲ್ಲ.

ಈ ವಿವೇಕಕ್ಕೆ ಮೂಡುಬಿದಿರೆಯೇ ಒಂದು ಉಜ್ಜ್ವಲ ನಿದರ್ಶನವನ್ನು ಒದಗಿಸಿದೆ. ದಿಗಂಬರ ಜೈನರ ಪರಮಾಗಮವಾದ ಷಟ್ಖಂಡಾಗಮವೂ ಅದರ ಮೇಲೆ ವೀರಸೇನಾಚಾರ್ಯರು ರಚಿಸಿದ ಧವಲಾ ಟೀಕೆಯೂ ಹಳಗನ್ನಡ ಲಿಪಿಯ ತಾಳೆಯೋಲೆಗಳಲ್ಲಿ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಉಳಿದು ಬಂದವು. ಅವುಗಳ ಪ್ರತಿಗಳು, ಪ್ರತಿಗಳ ಪ್ರತಿಗಳು ಉತ್ತರಭಾರತವನ್ನು ಸೇರಿದವು. ಡಾ. ಹೀರಾಲಾಲ ಜೈನರು ೧೯೩೯ರಿಂದ ೧೯೫೮ರವರೆಗೆ ೧೬ ಸಂಪುಟಗಳಲ್ಲಿ ಗ್ರಂಥವನ್ನು ಪ್ರಕಟಿಸಿದಾಗ, ಮೊದಲ ಸಂಪುಟಕ್ಕೆ ಅವರಿಗೆ ದೊರೆತುದು ಇಂತಹ ಪ್ರತಿಗಳೇ ಹೊರತು ಓಲೆಗಳಲ್ಲ. ಅದರ ೯೩ನೆಯ ಸೂತ್ರದಲ್ಲಿ, ಅರ್ಥಸಂಗತಿಯನ್ನು ನೋಡಿದರೆ, ‘ಸಂಜದ’ ಎಂಬ ಪದವೊಂದು ಬಿಟ್ಟುಹೋದಂತೆ ಸಂಪಾದಕರಿಗೆ ತೋರಿತು. ಸಂಯತ ಎಂಬ ಅರ್ಥದ ಆ ಪದ ಸಾಮಾನ್ಯವಾದುದಲ್ಲ. ಸ್ತ್ರೀಯರಿಗೆ ಸಂಯಮದ ಗುಣಸ್ಥಾನವುಂಟೆ ಎಂಬ ಸಿದ್ಧಾಂತಪ್ರಶ್ನೆ ಅದನ್ನು ಅವಲಂಬಿಸಿತ್ತು. ಸಂಪಾದಕರು ಅದನ್ನು ಮೂಲಪಾಠದೊಳಗೆ ಸೇರಿಸಲಿಲ್ಲ. ಸುಮ್ಮನೆ ಬಿಡಲೂ ಇಲ್ಲ. ತಮ್ಮ ಊಹೆಯನ್ನು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ವಿದ್ವಾಂಸರಲ್ಲಿ ತೀವ್ರವಾದ ವಾದವೆದ್ದಿತು. ಮುಂದೆ ಮೂಡುಬಿದಿರೆಯ ಓಲೆಗಳೊಡನೆ ತಾಳೆ ನೋಡಿದಾಗ ಆ ಪದವು ಅಲ್ಲಿ ಇದ್ದುದು ಕಂಡುಬಂದಿತು.

ಇದರಿಂದ ಗ್ರಹಿಸಬೇಕಾದುದು ಊಹೆ ಸರಿಯಾಯಿತೆಂಬುದನ್ನಷ್ಟೇ ಅಲ್ಲ. ಅವರು ಪದವನ್ನು ಮೂಲದೊಳಗೆ ಸೇರಿಸಿಬಿಟ್ಟಿದ್ದರೆ, ಪ್ರತಿಯಲ್ಲಿ ಏನಿತ್ತು, ಸಂಪಾದಕರದು ಏನೆಂಬ ಭೇದವೇ ಓದುಗರಿಗೆ ಉಳಿಯುತ್ತಿರಲಿಲ್ಲ. ಊಹೆ ತಪ್ಪಾಗಿದ್ದಲ್ಲಿ ಅದನ್ನು ಹಿಂದೆಗೆಯುವ ದಾರಿಯೂ ಇರುತ್ತಿರಲಿಲ್ಲ. ಸಂದೇಹವನ್ನು ಸಂದೇಹವಾಗಿಯೇ ಇರಿಸಿದುದರಿಂದ ಓಲೆಗೆ ತೀರ್ಪು ಹೇಳುವ ಅವಕಾಶ ಉಳಿಯಿತು.

ನಮ್ಮ ಕಡತಗಳಿಗೂ ಇದೇ ಕ್ರಮ ಸಲ್ಲಬೇಕು. ‘ಕಡತ’ ಎಂಬ ಪದವೇ ಇಲ್ಲಿ ಒಂದು ಎಚ್ಚರಿಕೆಯನ್ನು ಕೊಡುತ್ತದೆ. ಹಿಂದಿನ ಕಡತವೆಂದರೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದ ಬಟ್ಟೆಯ ಮಡಿಕೆ. ಅದರ ಮೇಲೆ ಬಳಪದಿಂದ ಲೆಕ್ಕ ಬರೆದು, ಬೇಡವಾದಾಗ ಒರೆಸಿ ಮತ್ತೆ ಬರೆಯುತ್ತಿದ್ದರು. ಒರೆಸಿದುದರ ಗುರುತು ಉಳಿಯುತ್ತಿರಲಿಲ್ಲ. ಗಣಕಯಂತ್ರದ ಕಡತಕ್ಕೂ ಅದೇ ಸ್ವಭಾವವಿದೆ. ಆದುದರಿಂದ ಮೊದಲು ಅಚ್ಚಿನಿಂದ ಇಳಿಸಿದ ಕಡತವನ್ನು ಮುಟ್ಟದೆ ಕಾದಿರಿಸಬೇಕು. ಎರಡನೆಯದಾಗಿ, ಸಾಧನಗಳ ವರದಿಯನ್ನೂ ಅವನ್ನು ನಡೆಸಿದ ಆದೇಶಗಳನ್ನೂ ಬೇರೆಯಾಗಿ ಉಳಿಸಬೇಕು. ಮೂರನೆಯದಾಗಿ, ತಿದ್ದುಪಡಿಯನ್ನು ಮೂಲದ ಅಂಕಣದಲ್ಲಿ ಬರೆಯದೆ ಪಕ್ಕದ ಅಂಕಣದಲ್ಲಿ, ತಿದ್ದಿದ ಕಾರಣದೊಡನೆ ಬರೆಯಬೇಕು. ಆಗ ‘ಡಿಫ್’ ಎಂಬ ಸಾಧನವು ಮೂಲಕ್ಕೂ ಪರಿಷ್ಕೃತಕ್ಕೂ ಇರುವ ಅಂತರವನ್ನು ಯಾವ ಕಾಲದಲ್ಲಿಯಾದರೂ ತೋರಿಸಬಲ್ಲುದು. ಅದು ಹಳೆಯ ಸಂಪಾದಕರ ಪಾಠಾಂತರಸೂಚಿಯ ಕೆಲಸವನ್ನೇ ಮಾಡುತ್ತದೆ.

ಈ ಕೆಲಸ ಕಾಲೇಜುಗಳಲ್ಲಿ ನಡೆಯುವುದಕ್ಕೆ ಯೋಗ್ಯವಾದುದು. ವೇಣೂರು, ಮೂಡುಬಿದಿರೆ, ನಂದಾವರ ಪರಸ್ಪರ ದೂರದ ಊರುಗಳಲ್ಲ. ಯಂತ್ರವು ಹೊರತೆಗೆದ ಸಂದೇಹಗಳ ಪಟ್ಟಿಯನ್ನು ಕೈಯಲ್ಲಿ ಹಿಡಿದು ವಿದ್ಯಾರ್ಥಿಗಳು ಕಲ್ಲಿನ ಬಳಿಗೆ ಹೋಗಬಹುದು. ಹಿಂದೆ ಇಡೀ ಶಾಸನರಾಶಿಯನ್ನು ತಾಳೆ ನೋಡಬೇಕಾಗಿದ್ದ ಕಡೆ, ಈಗ ಸಂದೇಹ ಬಿದ್ದ ಸಾಲುಗಳನ್ನು ಮೊದಲು ನೋಡಿದರೆ ಸಾಕು. ಯಂತ್ರದಿಂದ ನಮಗೆ ಆಗುವ ಉಪಕಾರ ಇಷ್ಟು. ಅದು ಎಲ್ಲಿ ನೋಡಬೇಕೆಂಬುದನ್ನು ಹೇಳುತ್ತದೆ. ನೋಡುವ ಹೊಣೆ ನಮ್ಮದು.